ಪೇನೆಮ್ಯುಂಡೆ: ಒಂದು ಮೀನುಗಾರರ ಹಳ್ಳಿಯ ಚರಿತ್ರೆ ಮತ್ತು ನಮ್ಮ ರಾಕೆಟ್ ಪಾಠ

ಒಂಬತ್ತನೆಯ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕಕ್ಕೆ ನಾವು ಬರೆಯುವ ಪಾಠ ಯೋಜನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮೂರನೆಯ ನಿಯಮಕ್ಕೆ ಬಂದಾಗ ಬಲೂನಿಗೆ ಗಾಳಿ ತುಂಬಿ ಬಿಡುತ್ತೇವೆ, ಮಕ್ಕಳು ಕೂಗುತ್ತಾರೆ, ರಾಕೆಟ್ಟಿನ ಚಿತ್ರವೊಂದನ್ನು ಹಲಗೆಗೆ ಅಂಟಿಸಿ ಪಾಠ ಮುಗಿಸುತ್ತೇವೆ. ಎರಡನೆಯ ಮಹಾಯುದ್ಧ ಸಮಾಜ ವಿಜ್ಞಾನದ ಮೇಷ್ಟ್ರ ಪಾಲಿನದು. ಆ ರಾಕೆಟ್ಟೂ ಈ ಯುದ್ಧವೂ ಒಂದೇ ಹಳ್ಳಿಯ ಮಣ್ಣಿನಲ್ಲಿ ಸೇರಿವೆ ಎಂಬುದು ನಮ್ಮ ಎರಡೂ ಪೀರಿಯಡ್‌ಗಳಿಂದ ಹೊರಗೇ ಉಳಿದುಬಿಡುತ್ತದೆ.

ಆ ಹಳ್ಳಿ ಜರ್ಮನಿಯ ಬಾಲ್ಟಿಕ್ ಕರಾವಳಿಯ ಪೇನೆಮ್ಯುಂಡೆ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಎರಡು ಪೀರಿಯಡ್‌ಗಳನ್ನು ಈ ಹಳ್ಳಿಯ ಸುತ್ತ ಕಟ್ಟಿದೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು ಆ ಸಾಮಗ್ರಿಯನ್ನು ಇಲ್ಲಿ ಕೊಡುತ್ತಿದ್ದೇನೆ. ತರಗತಿಯಲ್ಲಿ ಹೇಳಲು ಬೇಕಾದದ್ದಕ್ಕಿಂತ ಹೆಚ್ಚಿನ ವಿವರ ಇದರಲ್ಲಿದೆ. ಹೇಳುವುದಕ್ಕಿಂತ ಹೆಚ್ಚು ತಿಳಿದಿದ್ದರೆ ಮಾತ್ರ ಮಕ್ಕಳ ಪ್ರಶ್ನೆಗೆ ಎದುರು ನಿಲ್ಲಲು ಧೈರ್ಯ ಬರುತ್ತದೆ.

ಅಳಿವೆಯ ಹಳ್ಳಿ

‘ಮ್ಯುಂಡೆ’ ಎಂದರೆ ನದಿ ಹೊರಗೆ ಹರಿದು ಸೇರುವ ಬಾಯಿ, ನಮ್ಮ ಕರಾವಳಿಯವರ ಮಾತಿನಲ್ಲಿ ಅಳಿವೆ. ಪೇನೆ ನದಿಯ ಅಳಿವೆ ಎಂಬುದೇ ಊರಿನ ಹೆಸರು. ಉಸೆಡೊಮ್ ಎಂಬ ದ್ವೀಪದ ವಾಯವ್ಯ ತುದಿಯಲ್ಲಿ ಈ ಹಳ್ಳಿ ಇದೆ. ದ್ವೀಪವನ್ನೂ ಒಳನಾಡನ್ನೂ ಒಂದು ಕಿರಿದಾದ ನೀರಿನ ಪಟ್ಟಿ ಬೇರ್ಪಡಿಸುತ್ತದೆ. ಆಚೆ ದಡದಲ್ಲಿ ವೋಲ್ಗಾಸ್ಟ್ ಎಂಬ ಪಟ್ಟಣ. ದ್ವೀಪದ ಪೂರ್ವದ ತುದಿ ಇಂದು ಪೋಲೆಂಡಿಗೆ ಸೇರಿದೆ. ಭೂಪಟ ತೋರಿಸುವಾಗ ಇದನ್ನು ಹೇಳಲು ಮರೆಯಬೇಡಿ. ಗಡಿ ಎಂಬುದು ಊರಿನ ಮೇಲೆ ಹಾದುಹೋಗುವ ಗೆರೆ, ಊರು ಇದ್ದಲ್ಲೇ ಇರುತ್ತದೆ ಎಂದು ಮಕ್ಕಳಿಗೆ ಹೊಳೆಯುವುದು ಇಂಥ ಕಡೆ.

ಹಳ್ಳಿಯ ಹೆಸರು 13ನೆಯ ಶತಮಾನದ ದಾಖಲೆಗಳಲ್ಲಿ ಬರುತ್ತದೆ. ಅದಕ್ಕೂ ಮೊದಲು ಇಲ್ಲಿ ಜನರ ಓಡಾಟ ಇತ್ತೆಂಬುದಕ್ಕೆ ವೈಕಿಂಗರ ಕಾಲದ ಚಿನ್ನದ ಕಡಗಗಳು ಸಾಕ್ಷಿ. ಅವು ಸಿಕ್ಕಿದ್ದು 20ನೆಯ ಶತಮಾನದ ಆರಂಭದಲ್ಲಿ. ಮಧ್ಯದ ಶತಮಾನಗಳಲ್ಲಿ ಊರಿನವರ ಬದುಕು ಮೀನು, ಒಂದಿಷ್ಟು ಬೇಸಾಯ, ದನಕರು ಇಷ್ಟೇ.

ದೊಡ್ಡ ಚರಿತ್ರೆ ಈ ಹಳ್ಳಿಗೆ ಮೊದಲು ಬಂದದ್ದು 1630ರಲ್ಲಿ. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ ಸುಮಾರು 13,000 ಸೈನಿಕರೊಂದಿಗೆ ಹಡಗಿನಿಂದ ಇಳಿದದ್ದು ಇದೇ ಪೇನೆಮ್ಯುಂಡೆಯ ದಂಡೆಗೆ. 1648ರ ವೆಸ್ಟ್‌ಫೇಲಿಯ ಒಪ್ಪಂದದ ನಂತರ ಈ ಪ್ರದೇಶ ಸ್ವೀಡನ್ನಿನ ಕೈಗೆ ಹೋಯಿತು, 1720ರಲ್ಲಿ ಪ್ರಷ್ಯಕ್ಕೆ ಬಂತು. ದೊರೆಗಳು ಬದಲಾದರು, ಬಲೆ ಬೀಸುವವರು ಅವರೇ. ಆಮೇಲಿನ ಇನ್ನೂರು ವರ್ಷಗಳ ಬಗ್ಗೆ ತರಗತಿಯಲ್ಲಿ ಒಂದೇ ವಾಕ್ಯ ಹೇಳಿ ಮುಂದೆ ಹೋಗಬಹುದು.

ಬಾತುಕೋಳಿ ಬೇಟೆಯ ಜಾಗ

1930ರ ದಶಕದಲ್ಲಿ ಜರ್ಮನಿಯ ಸೈನ್ಯ ದ್ರವ ಇಂಧನದ ರಾಕೆಟ್ಟುಗಳ ಮೇಲೆ ಪ್ರಯೋಗ ನಡೆಸುತ್ತಿತ್ತು. ಮೊದಲ ವಿಶ್ವಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಭಾರಿ ಫಿರಂಗಿಗಳನ್ನು ನಿಷೇಧಿಸಿತ್ತು; ಅದರಲ್ಲಿ ರಾಕೆಟ್ಟಿನ ಮಾತೇ ಇರಲಿಲ್ಲ. ಸೇನಾಧಿಕಾರಿ ವಾಲ್ಟರ್ ಡೋರ್ನ್‌ಬೆರ್ಗರ್ ಈ ಕೆಲಸದ ಉಸ್ತುವಾರಿ. ಅವನ ಕೈಕೆಳಗೆ ವೆರ್ನರ್ ಫಾನ್ ಬ್ರೌನ್ ಎಂಬ ಯುವಕ ಸೇರಿದ್ದ. ಬರ್ಲಿನ್ನಿನ ದಕ್ಷಿಣಕ್ಕಿದ್ದ ಕುಮ್ಮರ್ಸ್‌ಡೋರ್ಫ್‌ನ ಪ್ರಯೋಗಭೂಮಿ ಚಿಕ್ಕದಾಯಿತು. ಜನವಸತಿಯಿಂದ ದೂರವಿರುವ, ಗುಟ್ಟು ಉಳಿಯುವ, ನೂರಾರು ಕಿಲೋಮೀಟರ್ ನೀರಿನ ಮೇಲೆಯೇ ರಾಕೆಟ್ ಹಾರಿಸಬಹುದಾದ ಜಾಗ ಬೇಕಿತ್ತು. ಉಸೆಡೊಮ್‌ನ ಆ ತುದಿಯನ್ನು ಸೂಚಿಸಿದ್ದು ಫಾನ್ ಬ್ರೌನ್‌ನ ತಾಯಿ. ಅವಳ ತಂದೆ ಅಲ್ಲಿಗೆ ಬಾತುಕೋಳಿ ಬೇಟೆಗೆ ಹೋಗುತ್ತಿದ್ದನಂತೆ.

ತರಗತಿಯಲ್ಲಿ ಈ ಮಾತು ಬಂದಾಗ ಮಕ್ಕಳು ನಕ್ಕರು. ನಗಲಿ ಎಂದು ಬಿಟ್ಟೆ. ಒಂದು ಊರಿನ ಹಣೆಬರಹ ಹೀಗೂ ನಿಶ್ಚಯವಾಗುತ್ತದೆ ಎಂಬುದು ನಗುವಿನ ಹಿಂದೆಯೇ ಅವರಿಗೆ ತಟ್ಟುತ್ತದೆ.

1936ರಲ್ಲಿ ಸರ್ಕಾರ ಈ ಭೂಮಿಯನ್ನು ವೋಲ್ಗಾಸ್ಟ್ ಪಟ್ಟಣದಿಂದ ಏಳೂವರೆ ಲಕ್ಷ ರೈಕ್ಸ್‌ಮಾರ್ಕ್‌ಗೆ ಕೊಂಡಿತು. ಊರಿನವರು ಮನೆ ಬಿಡಬೇಕಾಯಿತು. ಕಾಡು ಕಡಿದು ರಸ್ತೆ, ರೈಲು, ವಿಮಾನ ನಿಲ್ದಾಣ, ಪರೀಕ್ಷಾ ವೇದಿಕೆಗಳು ಎದ್ದವು. ಪೂರ್ವದ ಭಾಗ ಭೂಸೇನೆಗೆ, ಪಶ್ಚಿಮದ ಭಾಗ ವಾಯುಪಡೆಗೆ. ಪಕ್ಕದ ಕಾರ್ಲ್ಸ್‌ಹಾಗೆನ್‌ನಲ್ಲಿ ಎಂಜಿನಿಯರುಗಳಿಗೆ ಬಡಾವಣೆ. ಯುದ್ಧದ ನಡುವಿನ ವರ್ಷಗಳಲ್ಲಿ ಇಲ್ಲಿ ಸುಮಾರು 12,000 ಜನ ಕೆಲಸ ಮಾಡುತ್ತಿದ್ದರು. ಮೀನುಗಾರರ ಊರು ಹೋಗಿ ಗುಟ್ಟಿನ ಪಟ್ಟಣವೊಂದು ಬಂತು.

ನಾನು ಪಾಠ ಮಾಡಿದ ಶಾಲೆ ನಮ್ಮ ಕರಾವಳಿಯದು. ಕಾರವಾರ–ಅಂಕೋಲಾ ಕಡೆ ನೌಕಾನೆಲೆಗಾಗಿ ಹಳ್ಳಿಗಳು ಎದ್ದ ಕಥೆಯನ್ನು ಅಲ್ಲಿನ ಮಕ್ಕಳು ಮನೆಯಲ್ಲಿ ಕೇಳಿದ್ದಾರೆ. ಹಾಗಾಗಿ ‘ಊರು ಬಿಡುವುದು’ ಎಂಬ ಮಾತನ್ನು ವಿವರಿಸಬೇಕಾಗಲಿಲ್ಲ. ಎರಡೂ ಒಂದೇ ಎಂದು ಹೇಳಲು ಮಾತ್ರ ಬರುವುದಿಲ್ಲ. ಪರಿಹಾರ, ನ್ಯಾಯಾಲಯ, ಪತ್ರಿಕೆ ಎಲ್ಲ ಇರುವ ನಾಡಿಗೂ ಹಿಟ್ಲರನ ಸರ್ಕಾರಕ್ಕೂ ಇರುವ ಅಂತರವನ್ನು ಮಕ್ಕಳ ಬಾಯಿಂದಲೇ ಬರಿಸುವುದು ಒಳ್ಳೆಯದು.

ಹಲಗೆಯ ಮೇಲಿನ ಲೆಕ್ಕ

ಇಲ್ಲಿ ಭೌತವಿಜ್ಞಾನಕ್ಕೆ ಬರೋಣ. ಪೇನೆಮ್ಯುಂಡೆಯಲ್ಲಿ ರೂಪುಗೊಂಡ ಮುಖ್ಯ ರಾಕೆಟ್ಟಿನ ಹೆಸರು ಎ-4. ನಂತರ ಪ್ರಚಾರ ಇಲಾಖೆ ಅದನ್ನು ‘ವಿ-2’ ಎಂದು ಕರೆಯಿತು. ‘ವಿ’ ಅಂದರೆ ಜರ್ಮನ್ ಭಾಷೆಯಲ್ಲಿ ಪ್ರತೀಕಾರ ಎಂಬ ಪದದ ಮೊದಲ ಅಕ್ಷರ. ಉದ್ದ ಸುಮಾರು 14 ಮೀಟರ್. ಇಂಧನ ನೀರು ಬೆರೆಸಿದ ಎಥನಾಲ್. ಅದನ್ನು ಉರಿಸಲು ದ್ರವ ಆಮ್ಲಜನಕ. ಎಥನಾಲ್ ಬಂದದ್ದು ಬಹುಮಟ್ಟಿಗೆ ಆಲೂಗಡ್ಡೆಯಿಂದ, ಅದೂ ಜನರಿಗೆ ಊಟಕ್ಕೆ ತತ್ವಾರವಾಗಿದ್ದ ಕಾಲದಲ್ಲಿ.

ದುಂಡಾಗಿಸಿದ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ರಾಕೆಟ್ ಪ್ರತಿ ಸೆಕೆಂಡಿಗೆ ಸುಮಾರು 125 ಕಿಲೋಗ್ರಾಂ ಅನಿಲವನ್ನು ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ. ಸಂವೇಗ ಬದಲಾಗುವ ದರವೇ ಬಲ. 125ನ್ನು 2,000ದಿಂದ ಗುಣಿಸಿದರೆ 2,50,000 ನ್ಯೂಟನ್. ರಾಕೆಟ್ಟಿನ ರಾಶಿ ಹೊರಡುವಾಗ ಸುಮಾರು 12,500 ಕಿಲೋಗ್ರಾಂ. ತೂಕ ಸುಮಾರು 1,25,000 ನ್ಯೂಟನ್. ಮೇಲಕ್ಕೆ ಉಳಿಯುವ ಬಲ ಇನ್ನೊಂದು 1,25,000. ಅದನ್ನು ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ 10. ಕೈಬಿಟ್ಟ ಕಲ್ಲು ಕೆಳಗೆ ಬೀಳುವ ವೇಗೋತ್ಕರ್ಷವೇ ಇದು, ಈ ರಾಕೆಟ್ಟಿನಲ್ಲಿ ಮೇಲ್ಮುಖವಾಗಿದೆ! ಈ ಸಮತೋಲ ಕಂಡಾಗ ಲೆಕ್ಕದಲ್ಲಿ ಹಿಂದಿರುವ ಮಕ್ಕಳೂ ಬೆಂಚಿನಿಂದ ಮುಂದಕ್ಕೆ ಬಾಗಿದರು.

ಅಲ್ಲಿಗೆ ನಿಲ್ಲಿಸಬೇಡಿ. ಎಂಜಿನ್ ಸುಮಾರು 65 ಸೆಕೆಂಡು ಉರಿಯುತ್ತದೆ. ಅಷ್ಟರಲ್ಲಿ ಎಷ್ಟು ಇಂಧನ ಹೋಯಿತು ಎಂದು ಕೇಳಿ. 8,000 ಕಿಲೋಗ್ರಾಮಿಗಿಂತ ಹೆಚ್ಚು. ಉಳಿದದ್ದು ಸುಮಾರು 4,400. ಬಲ ಅಷ್ಟೇ, ರಾಶಿ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಗುರುತ್ವವನ್ನು ಬದಿಗಿಟ್ಟು ನೋಡಿದರೆ ವೇಗೋತ್ಕರ್ಷ ಸುಮಾರು 57. ‘ಎಂಜಿನ್ ಜೋರು ಮಾಡದೆ ವೇಗೋತ್ಕರ್ಷ ಹೇಗೆ ಹೆಚ್ಚಿತು?’ ಎಂಬ ಪ್ರಶ್ನೆ ಎರಡನೆಯ ನಿಯಮದ ತಿರುಳನ್ನು ಮುಟ್ಟುತ್ತದೆ. ಪಠ್ಯದಲ್ಲಿರುವ ಬಂಡಿ, ಕ್ರಿಕೆಟ್ ಚೆಂಡಿನ ಉದಾಹರಣೆಗಳಲ್ಲಿ ರಾಶಿ ಸ್ಥಿರವಾಗಿರುತ್ತದೆ, ಇಲ್ಲಿ ಅದು ಕರಗುತ್ತಾ ಹೋಗುತ್ತದೆ.

1942ರ ಅಕ್ಟೋಬರ್ 3ರಂದು ಈ ರಾಕೆಟ್ ಪೇನೆಮ್ಯುಂಡೆಯ ಏಳನೆಯ ಪರೀಕ್ಷಾ ವೇದಿಕೆಯಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. ಸುಮಾರು 85 ಕಿಲೋಮೀಟರ್ ಎತ್ತರಕ್ಕೆ ಏರಿ, ಸುಮಾರು 190 ಕಿಲೋಮೀಟರ್ ದೂರದಲ್ಲಿ ಸಮುದ್ರಕ್ಕೆ ಬಿತ್ತು. ಮನುಷ್ಯ ಮಾಡಿದ ವಸ್ತು ಬಾಹ್ಯಾಕಾಶದ ಅಂಚಿಗೆ ಹೋದ ದಿನ ಎಂದು ಇದನ್ನು ಹೊಗಳುವವರಿದ್ದಾರೆ.

ಮೈಸೂರಿನ ಬಾಣಗಳ ಕಥೆಯನ್ನು ಇಲ್ಲಿ ಸೇರಿಸಲು ಅವಕಾಶವಿದೆ, ಎರಡೇ ನಿಮಿಷ ಸಾಕು. ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1799ರ ನಂತರ ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಬ್ರಿಟಿಷರು 1807ರಲ್ಲಿ ಅದೇ ಕಾಂಗ್ರೀವ್ ರಾಕೆಟ್ಟುಗಳಿಂದ ಬಾಲ್ಟಿಕ್‌ನ ಬಾಗಿಲಲ್ಲಿರುವ ಕೋಪನ್‌ಹೇಗನ್ ನಗರಕ್ಕೆ ಬೆಂಕಿ ಹಚ್ಚಿದರು. ನಮ್ಮ ಹೆಮ್ಮೆಯ ಪಾಠದಲ್ಲಿ ಈ ಕೊನೆಯ ವಾಕ್ಯ ಸಾಮಾನ್ಯವಾಗಿ ಇರುವುದಿಲ್ಲ.

ರಾಕೆಟ್ಟನ್ನು ಕಟ್ಟಿದ ಕೈಗಳು

ಮೊದಲ ಪೀರಿಯಡ್ ಇಲ್ಲಿಗೆ ಮುಗಿಯಿತು. ಮಕ್ಕಳು ಉತ್ಸಾಹದಲ್ಲಿದ್ದರು. ಎರಡನೆಯ ಪೀರಿಯಡ್ಡನ್ನು ಒಂದೇ ಪ್ರಶ್ನೆಯಿಂದ ಶುರು ಮಾಡಿದೆ: ‘ಈ ರಾಕೆಟ್ಟನ್ನು ಕಟ್ಟಿದ್ದು ಯಾರು?’ ವಿಜ್ಞಾನಿಗಳು ಎಂದು ಇಡೀ ತರಗತಿ ಹೇಳಿತು.

1943ರ ಬೇಸಿಗೆಯಿಂದ ಪೇನೆಮ್ಯುಂಡೆಯಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರದ ಕೈದಿಗಳನ್ನು ದುಡಿಸಲಾಯಿತು. ಪೋಲೆಂಡ್ ಮುಂತಾದ ದೇಶಗಳಿಂದ ತಂದ ಬಲವಂತದ ಕೂಲಿಗಳು ಅದಕ್ಕೂ ಮೊದಲೇ ಇದ್ದರು. ಹೊರಗಿನ ಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಇಂಥ ಕೂಲಿಗಳೂ ಇದ್ದರು. ಬ್ರಿಟನ್ನಿನ ವಿಮಾನಗಳು ಮೇಲಿನಿಂದ ತೆಗೆದ ಛಾಯಾಚಿತ್ರಗಳು ಆ ಸುದ್ದಿಯನ್ನು ಖಚಿತಪಡಿಸಿದವು. ಅಂಥ ಚಿತ್ರಗಳನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದ ಕಾನ್‌ಸ್ಟನ್ಸ್ ಬ್ಯಾಬಿಂಗ್‌ಟನ್ ಸ್ಮಿತ್ ಎಂಬ ಮಹಿಳೆ ಪೇನೆಮ್ಯುಂಡೆಯ ಚಿತ್ರದಲ್ಲಿ ಪೈಲಟ್ ಇಲ್ಲದ ಪುಟ್ಟ ವಿಮಾನವನ್ನು, ಅಂದರೆ ವಿ-1ನ್ನು ಗುರುತಿಸಿದಳು. ಹುಡುಗಿಯರಿಗೆ ಈ ಹೆಸರು ಹೇಳಿ. ವೀಕ್ಷಣೆ ವಿಜ್ಞಾನದ ಮೊದಲ ಹೆಜ್ಜೆ ಎಂದು ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಅದಕ್ಕೆ ಒಂದು ಮುಖ ಸಿಗುತ್ತದೆ.

1943ರ ಆಗಸ್ಟ್ 17ರ ರಾತ್ರಿ ಸುಮಾರು 600 ಬ್ರಿಟಿಷ್ ಬಾಂಬರ್‌ಗಳು ಪೇನೆಮ್ಯುಂಡೆಯ ಮೇಲೆ ಬಂದವು. ಗುರಿ ತೋರಿಸುವ ಮೊದಲ ದೀಪಗಳು ದಕ್ಷಿಣಕ್ಕೆ ತಪ್ಪಿ ಬಿದ್ದವು. ಅವು ಬಿದ್ದದ್ದು ಟ್ರಾಸೆನ್‌ಹೈಡೆಯ ಕೂಲಿ ಶಿಬಿರದ ಮೇಲೆ. ಆ ರಾತ್ರಿ ನೆಲದ ಮೇಲೆ ಸತ್ತ ಏಳುನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ವಿದೇಶಿ ಕೂಲಿಗಳು. ಗುಟ್ಟನ್ನು ಹೊರಗೆ ಕಳಿಸಿದ ಕೈಗಳ ಮೇಲೆಯೇ ಬಾಂಬು ಬಿತ್ತು. 40 ಬ್ರಿಟಿಷ್ ವಿಮಾನಗಳೂ ಮರಳಲಿಲ್ಲ.

ದಾಳಿಯ ನಂತರ ರಾಕೆಟ್ ತಯಾರಿಕೆಯನ್ನು ಜರ್ಮನಿಯ ಒಳನಾಡಿಗೆ, ನಾರ್ಡ್‌ಹೌಸೆನ್ ಹತ್ತಿರದ ಬೆಟ್ಟದ ಸುರಂಗಗಳಿಗೆ ಸಾಗಿಸಿದರು. ಅಲ್ಲಿನ ಶಿಬಿರದ ಹೆಸರು ಮಿಟ್ಟೆಲ್‌ಬೌ-ಡೋರಾ. ಮೊದಲ ತಿಂಗಳುಗಳಲ್ಲಿ ಕೈದಿಗಳು ಸುರಂಗದೊಳಗೇ ಮಲಗಬೇಕಿತ್ತು: ಧೂಳು, ತಣ್ಣೀರು ತೊಟ್ಟಿಕ್ಕುವ ಬಂಡೆ, ಹೊರಗಿನ ಬೆಳಕು ವಾರಗಟ್ಟಲೆ ಇಲ್ಲ. ಡೋರಾ ಮತ್ತು ಅದರ ಉಪಶಿಬಿರಗಳಿಗೆ ಬಂದ ಸುಮಾರು 60,000 ಕೈದಿಗಳಲ್ಲಿ ಸುಮಾರು 20,000 ಜನ ಸತ್ತರು. ಕೆಲಸ ಕೆಡಿಸಿದನೆಂಬ ಅನುಮಾನ ಬಂದವನನ್ನು ಉಳಿದವರ ಕಣ್ಣೆದುರೇ ನೇಣಿಗೆ ಹಾಕುತ್ತಿದ್ದರು.

ಆ ರಾಕೆಟ್ಟುಗಳು 1944ರ ಸೆಪ್ಟೆಂಬರ್ 8ರಿಂದ ಲಂಡನ್ನಿನ ಮೇಲೆ ಬೀಳತೊಡಗಿದವು. ಲಂಡನ್ನಿನಲ್ಲಿ ಸತ್ತವರು 2,700ಕ್ಕೂ ಹೆಚ್ಚು. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ 1944ರ ಡಿಸೆಂಬರ್ 16ರಂದು ಒಂದೇ ರಾಕೆಟ್ ಒಂದು ಚಿತ್ರಮಂದಿರಕ್ಕೆ ಬಿದ್ದು 567 ಜನ ಸತ್ತರು. ಇಲ್ಲಿ ಇನ್ನೊಂದು ಲೆಕ್ಕ ಉಂಟು, ಮಕ್ಕಳು ತಾವೇ ಮಾಡಬಹುದು. 320 ಕಿಲೋಮೀಟರ್ ದೂರವನ್ನು ಶಬ್ದ ಎಷ್ಟು ಹೊತ್ತಿನಲ್ಲಿ ದಾಟುತ್ತದೆ? ಸೆಕೆಂಡಿಗೆ 340 ಮೀಟರ್ ಎಂದರೆ ಹದಿನೈದು ನಿಮಿಷಕ್ಕೂ ಹೆಚ್ಚು. ರಾಕೆಟ್ಟಿಗೆ ಸುಮಾರು ಐದು ನಿಮಿಷ ಸಾಕು. ಅಂದರೆ ಎಚ್ಚರಿಕೆಯ ಸದ್ದು ಇಲ್ಲ. ಮೊದಲು ಸ್ಫೋಟ, ಆಮೇಲೆ ಅದು ಬರುತ್ತಿದ್ದ ಸದ್ದು. ‘ಓಡ್ಲಿಕ್ಕೂ ಆಗುದಿಲ್ಲ’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ ಹೇಳಿದ. ಶಬ್ದಾತೀತ ವೇಗಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಓದಿಲ್ಲ.

ಆ ಪೀರಿಯಡ್ಡಿನಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಬೇಕು. ‘ಟೀಚರ್, ಕೈದಿಗಳು ಸರಿಯಾಗಿ ಕೆಲಸ ಮಾಡಿದ್ರೆ ಲಂಡನ್ನಿನವರು ಸಾಯ್ತಾರೆ, ಮಾಡದಿದ್ರೆ ಇವರು ಸಾಯ್ತಾರೆ. ಅವರು ಎಂತ ಮಾಡ್ಬೇಕಿತ್ತು?’ ಉತ್ತರ ಕೊಡಲು ಹೋಗಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಎರಡು ನಿಮಿಷ ಸುಮ್ಮನಿದ್ದೆ. ಸೂಕ್ಷ್ಮ ಬೋಧನೆಯಲ್ಲಿ ‘ಮೌನದ ಬಳಕೆ’ ಎಂಬ ಕೌಶಲವನ್ನು ನಾವು ಸೆಕೆಂಡುಗಳಲ್ಲಿ ಅಳೆಯುತ್ತೇವೆ. ಈ ಮೌನ ಆ ಲೆಕ್ಕಕ್ಕೆ ಸೇರುವಂಥದ್ದಲ್ಲ.

ನಂತರ ಮಿಖಾಯಿಲ್ ದೆವ್ಯಾತಾಯೆವ್‌ನ ಕಥೆ ಹೇಳಿದೆ. ಅವನು ಸೋವಿಯತ್ ಯುದ್ಧವಿಮಾನದ ಪೈಲಟ್, ಪೇನೆಮ್ಯುಂಡೆಯಲ್ಲಿ ಕೈದಿ. 1945ರ ಫೆಬ್ರವರಿ 8ರಂದು ಅವನೂ ಇತರ ಒಂಬತ್ತು ಕೈದಿಗಳೂ ಕಾವಲುಗಾರನನ್ನು ಮುಗಿಸಿ, ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಜರ್ಮನ್ ಬಾಂಬರ್ ವಿಮಾನವೊಂದನ್ನು ಹತ್ತಿ ಹಾರಿಸಿಕೊಂಡು ತಮ್ಮ ಸೈನ್ಯದ ಕಡೆ ಹೋದರು. ಅಂಥ ವಿಮಾನವನ್ನು ಅವನು ಹಿಂದೆ ಓಡಿಸಿರಲಿಲ್ಲ. ಶತ್ರುವಿನ ಕೈಗೆ ಸಿಕ್ಕಿದ್ದವನೆಂಬ ಅನುಮಾನದಿಂದ ತನ್ನ ದೇಶದಲ್ಲೇ ಸೆರೆ ಅನುಭವಿಸಿದ; ‘ಸೋವಿಯತ್ ಒಕ್ಕೂಟದ ವೀರ’ ಎಂಬ ಬಿರುದು ಸಿಕ್ಕಿದ್ದು 1957ರಲ್ಲಿ.

ಫಾನ್ ಬ್ರೌನ್ ನಾಜಿ ಪಕ್ಷದ ಸದಸ್ಯ, 1940ರಿಂದ ಎಸ್‌ಎಸ್ ಸದಸ್ಯ. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಸ್ಯಾಟರ್ನ್-5ರ ಶಿಲ್ಪಿಯಾದ. 1969ರಲ್ಲಿ ಮನುಷ್ಯರು ಚಂದ್ರನಿಗೆ ಹೋದದ್ದು ಅದರ ಮೇಲೆ. ಸೋವಿಯತ್ತರೂ ವಿ-2ನ್ನು ನಕಲು ಮಾಡಿ ತಮ್ಮ ರಾಕೆಟ್ ಕಾರ್ಯಕ್ರಮ ಆರಂಭಿಸಿದರು.

ತರಗತಿ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ನನ್ನ ಪುಸ್ತಕದಲ್ಲಿ, ವಿಷಯ ಮಂಡನೆ ಚೆನ್ನಾಗಿದೆ, ಆದರೆ ಎರಡನೆಯ ಪೀರಿಯಡ್ ಭೌತವಿಜ್ಞಾನದ್ದಲ್ಲ, ಘಟಕ ಹಿಂದೆ ಬಿದ್ದೀತು ಎಂಬರ್ಥದ ಟಿಪ್ಪಣಿ ಬರೆದರು. ಅವರ ಆತಂಕ ನಿಜವಾದದ್ದು. ಪರೀಕ್ಷೆಯ ಹೊಣೆ ಅವರ ಮೇಲಿದೆ, ಪ್ರಶಿಕ್ಷಣಾರ್ಥಿ ಆರು ವಾರದಲ್ಲಿ ಹೊರಟುಹೋಗುತ್ತಾಳೆ. ಆದರೂ ನನ್ನ ಅಭಿಪ್ರಾಯ ಬೇರೆ. ರಾಕೆಟ್ಟಿನ ಬಲವನ್ನು ಲೆಕ್ಕ ಹಾಕಿಸಿ, ಅದು ಎಲ್ಲಿ ಬಿತ್ತು, ಯಾರು ಕಟ್ಟಿದರು ಎಂಬುದನ್ನು ಬಿಟ್ಟರೆ ನಾವು ಕೊಟ್ಟದ್ದು ಅರ್ಧ ಉದಾಹರಣೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಈ ಸುರಂಗ ಸಿಗುವುದಿಲ್ಲ, ನಮಗೆ ಸಿಗುತ್ತದೆ. ಸಮಯದ ಪ್ರಶ್ನೆಗೆ ಪ್ರಾಯೋಗಿಕ ಉಪಾಯವೊಂದಿದೆ: ಲೆಕ್ಕಗಳನ್ನು ಮನೆಗೆಲಸವಾಗಿ ಕೊಟ್ಟು ತರಗತಿಯ ಸಮಯವನ್ನು ಚರ್ಚೆಗೆ ಉಳಿಸಿಕೊಳ್ಳಬಹುದು. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರನ್ನು ಕರೆದು ಜೊತೆಯಾಗಿ ಪಾಠ ಮಾಡಿದರೆ ಇನ್ನೂ ಒಳ್ಳೆಯದು.

ದಂಡೆಯ ಮೇಲಿನ ರಂಜಕ

1945ರ ಮೇ ತಿಂಗಳಲ್ಲಿ ಸೋವಿಯತ್ ಸೈನ್ಯ ಪೇನೆಮ್ಯುಂಡೆಯನ್ನು ಹಿಡಿಯಿತು. ಉಳಿದ ಪರೀಕ್ಷಾ ವೇದಿಕೆಗಳನ್ನು ಸ್ಫೋಟಿಸಲಾಯಿತು. ಆಮೇಲೆ ಪೂರ್ವ ಜರ್ಮನಿಯ ನೌಕಾಪಡೆ ಮತ್ತು ವಾಯುಪಡೆ ಅಲ್ಲಿ ನೆಲೆಸಿದವು. ಹೀಗೆ 1936ರಿಂದ ಜರ್ಮನಿ ಒಂದಾದ 1990ರ ತನಕ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಈ ಊರಿಗೆ ಸಾಮಾನ್ಯರು ಸುಮ್ಮನೆ ಹೋಗುವಂತಿರಲಿಲ್ಲ. ದ್ರವ ಆಮ್ಲಜನಕ ತಯಾರಿಸಲು ಬೇಕಾದ ವಿದ್ಯುತ್ತಿಗಾಗಿ ಕಟ್ಟಿದ್ದ ಕಲ್ಲಿದ್ದಲ ವಿದ್ಯುತ್ ಸ್ಥಾವರ 1990ರ ತನಕವೂ ಉರಿಯುತ್ತಿತ್ತು. 1991ರಿಂದ ಅಲ್ಲಿ ವಸ್ತುಸಂಗ್ರಹಾಲಯವಿದೆ.

1992ರಲ್ಲಿ ಆ ಮೊದಲ ಹಾರಾಟಕ್ಕೆ ಐವತ್ತು ತುಂಬಿತು. ಜರ್ಮನಿಯ ವಿಮಾನ-ಬಾಹ್ಯಾಕಾಶ ಉದ್ಯಮದವರು ಅದನ್ನು ಸಮಾರಂಭವಾಗಿ ಆಚರಿಸಲು ಹೊರಟರು. ಬ್ರಿಟನ್ನಿನಿಂದಲೂ ಜರ್ಮನಿಯೊಳಗಿಂದಲೂ ವಿರೋಧ ಬಂದು ಯೋಜನೆ ಕೈಬಿಡಬೇಕಾಯಿತು. ಅಕ್ಟೋಬರ್ 3 ಜರ್ಮನಿ ಒಂದಾದ ದಿನವೂ ಹೌದು. ಒಂದೇ ತಾರೀಖಿನ ಎರಡು ನೆನಪುಗಳು. ಇಂದಿನ ಪ್ರದರ್ಶನದಲ್ಲಿ ರಾಕೆಟ್ಟಿನ ಯಂತ್ರಗಳ ಜೊತೆಗೇ ಕೈದಿಗಳ ಕಥೆಯೂ ಇದೆ.

ಊರಿನಲ್ಲಿ ಈಗ ಕೆಲವು ನೂರು ಜನ ಮಾತ್ರ ಇದ್ದಾರೆ. ಪರೀಕ್ಷಾ ವೇದಿಕೆಗಳ ಕಾಂಕ್ರೀಟಿನ ಮೇಲೆ ಕಾಡು ಬೆಳೆದಿದೆ. ಸಿಡಿಯದ ಮದ್ದುಗುಂಡುಗಳು ಮಣ್ಣಿನಲ್ಲಿರುವುದರಿಂದ ಬಹಳಷ್ಟು ಜಾಗಕ್ಕೆ ಪ್ರವೇಶವಿಲ್ಲ.

ಹತ್ತನೆಯ ತರಗತಿಗೆ ರಸಾಯನ ವಿಜ್ಞಾನ ಹೇಳುವವರಿಗೆ ಉಪಯೋಗವಾಗುವ ಒಂದು ಸಂಗತಿ ಉಳಿದಿದೆ. ಬಾಲ್ಟಿಕ್ ದಂಡೆಯಲ್ಲಿ ಅಂಬರ್ ಸಿಗುತ್ತದೆ, ಮರದ ಅಂಟು ಲಕ್ಷಾಂತರ ವರ್ಷಗಳಲ್ಲಿ ಗಟ್ಟಿಯಾಗಿ ಆದ ಹಳದಿ ಕಲ್ಲು. ಉಣ್ಣೆಗೆ ಉಜ್ಜಿದರೆ ಹಗುರ ವಸ್ತುಗಳನ್ನು ಸೆಳೆಯುವ ಈ ಕಲ್ಲಿನ ಗ್ರೀಕ್ ಹೆಸರಿನಿಂದಲೇ ‘ಎಲೆಕ್ಟ್ರಾನ್’ ಪದ ಬಂದದ್ದು. ಪ್ರವಾಸಿಗರು, ಮಕ್ಕಳು ಅದನ್ನು ಹುಡುಕಿ ಆರಿಸುತ್ತಾರೆ. ಉಸೆಡೊಮ್‌ನ ದಂಡೆಯಲ್ಲಿ ಅದೇ ಬಣ್ಣದ ಇನ್ನೊಂದು ತುಂಡೂ ಸಿಗುತ್ತದೆ. ಅದು 1943ರ ಬಾಂಬುಗಳಿಂದ ಸಮುದ್ರಕ್ಕೆ ಬಿದ್ದ ಬಿಳಿ ರಂಜಕ. ನೀರಿನೊಳಗೆ ಅದಕ್ಕೆ ಆಮ್ಲಜನಕದ ಸಂಪರ್ಕ ಕಡಿಮೆ, ತಣ್ಣಗಿರುತ್ತದೆ, ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ರಂಜಕವನ್ನು ನೀರಿನಲ್ಲೇ ಏಕೆ ಇಡುತ್ತೇವೆ ಎಂಬ ಪ್ರಶ್ನೆಗೆ ಇದೇ ಉತ್ತರ. ಆರಿಸಿ ಜೇಬಿಗೆ ಹಾಕಿಕೊಂಡರೆ ಅದು ಒಣಗುತ್ತದೆ, ಮೈಯ ಶಾಖ ತಾಗುತ್ತದೆ, ಸುಮಾರು 30 ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಂಡು ಉರಿಯತೊಡಗುತ್ತದೆ. ಹೀಗೆ ಸುಟ್ಟುಕೊಂಡವರು ಇತ್ತೀಚಿನ ವರ್ಷಗಳಲ್ಲೂ ಇದ್ದಾರೆ. ಅಲ್ಲಿ ಅಂಬರ್ ಹುಡುಕುವವರಿಗೆ ಕೊಡುವ ಸಲಹೆ ಸರಳ: ಸಿಕ್ಕಿದ್ದನ್ನು ಜೇಬಿಗೆ ಹಾಕಬೇಡಿ, ಲೋಹದ ಡಬ್ಬಿಯಲ್ಲಿ ಹಾಕಿ, ಮೈಯಿಂದ ದೂರ ಇಟ್ಟು ಒಣಗಲು ಬಿಡಿ, ಆಮೇಲೆ ನೋಡಿ.